ದಿನಕ್ಕೆ ಒಂದು ಪಾರ್ಕ್ ಸಾಕು

ಅಮೆರಿಕದ ಕನ್ನಡ ಮನೆಗಳಲ್ಲಿ ಒರ್ಲ್ಯಾಂಡೊ ಪ್ರವಾಸದ ಮಾತು ಎದ್ದರೆ ವಿಮಾನ, ಹೋಟೆಲ್ ಎರಡೂ ಬೇಗ ತೀರ್ಮಾನವಾಗುತ್ತವೆ. ಜಗ್ಗಾಟ ನಡೆಯುವುದು ಅಲ್ಲಿನ ಡಿಸ್ನಿ ವರ್ಲ್ಡ್‌ನ ಥೀಮ್ ಪಾರ್ಕುಗಳ ಟಿಕೆಟ್ ವಿಷಯಕ್ಕೆ. ದಿನಕ್ಕೆ ಒಂದೇ ಪಾರ್ಕಿಗೆ ಬಿಡುವ ಸಾದಾ ಟಿಕೆಟ್ ಸಾಕಾ, ಇಲ್ಲಾ ಒಂದೇ ದಿನ ಎರಡು ಮೂರು ಪಾರ್ಕು ಸುತ್ತಬಹುದಾದ ಪಾರ್ಕ್ ಹಾಪರ್ ಬೇಕಾ? ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿ ನೋಡಿ. "ಹಾಪರ್ರೇ ತಗೊಳ್ಳಿ, ಇರಲಿ" ಅನ್ನುವವರೇ ಜಾಸ್ತಿ. ನನಗೆ ಈ ಸಲಹೆ ಒಪ್ಪಿಗೆಯಿಲ್ಲ.

ಮಕ್ಕಳು, ಹಿರಿಯರು ಎಲ್ಲ ಜೊತೆಗಿರುವ ಸಂಸಾರ ಮೊದಲ ಸಲ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದರೆ ಸಾದಾ ಟಿಕೆಟ್ಟೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಲೆಕ್ಕ ಬೇರೆ. ಒರ್ಲ್ಯಾಂಡೊದಲ್ಲೇ ಇರುವ ಯೂನಿವರ್ಸಲ್ ಪಾರ್ಕುಗಳದ್ದು ಇನ್ನೂ ಬೇರೆ. ಅವೆರಡರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾವು ಅಲ್ಲಿಗೆ ಹೋಗುವುದು ಯಾವಾಗ, ಯಾರ ಜೊತೆ ಅನ್ನುವುದನ್ನು ಮೊದಲು ನೋಡಬೇಕು. ಶಾಲೆಗೆ ರಜೆ ಇದ್ದಾಗ ಹೋಗುತ್ತೇವೆ. ಅಂದರೆ ಥ್ಯಾಂಕ್ಸ್‌ಗಿವಿಂಗ್ ವಾರ, ಡಿಸೆಂಬರ್ ಕೊನೆ, ಸ್ಪ್ರಿಂಗ್ ಬ್ರೇಕ್, ಇಲ್ಲವೇ ಬೇಸಿಗೆ. ಇಡೀ ದೇಶವೇ ಅಲ್ಲಿಗೆ ಹೊರಡುವ ಹೊತ್ತು ಅದು. 2018ರ ಅಕ್ಟೋಬರ್‌ನಿಂದ ಡಿಸ್ನಿ ವರ್ಲ್ಡ್ ಟಿಕೆಟ್ ಬೆಲೆ ತಾರೀಖಿನ ಮೇಲೆ ಏರಿಳಿಯುತ್ತದೆ, ಹಾಗಾಗಿ ನಮ್ಮ ಪಾಲಿಗೆ ಬರುವುದು ದುಬಾರಿ ದಿನಗಳೇ. ಜೊತೆಗೆ, ಊರಿಂದ ಅಪ್ಪ ಅಮ್ಮ ಬಂದಿದ್ದಾಗಲೇ ಹೋಗೋಣ ಅಂತ ತುಂಬಾ ಜನ ಕಾಯುತ್ತಾರೆ. ಹತ್ತು ವರ್ಷ ದಾಟಿದ ಮಗನಿಗೆ ರೋಲರ್ ಕೋಸ್ಟರ್ ಬೇಕು. ನಾಲ್ಕು ವರ್ಷದ ಮಗಳಿಗೆ ಮಿಕ್ಕಿ ಮೌಸ್ ಬೇಕು. ಅಜ್ಜಿಗೆ ಮಂಡಿ ನೋವು, ಆದರೂ ಮೊಮ್ಮಕ್ಕಳ ಜೊತೆ ಓಡಾಡುವ ಆಸೆ. ಹಾಪರ್ ಟಿಕೆಟ್ ಇಂಥ ತಂಡಕ್ಕೆ ಹೊಲಿಸಿದ್ದಲ್ಲ. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಬಂದು ನಿಲ್ಲುವ, ಗಟ್ಟಿ ಕಾಲಿನ, ಪಾರ್ಕುಗಳ ಮೂಲೆಮೂಲೆ ಗೊತ್ತಿರುವ ಜನಕ್ಕೆ ಅದು ಚೆನ್ನಾಗಿ ಕೂಡುತ್ತದೆ.

ಡಿಸ್ನಿ ವರ್ಲ್ಡ್ ಎಷ್ಟು ದೊಡ್ಡದು ಅನ್ನುವುದು ಅಲ್ಲಿಗೆ ಹೋಗದವರಿಗೆ ಅಂದಾಜಾಗುವುದು ಕಷ್ಟ. ಸುಮಾರು 25 ಸಾವಿರ ಎಕರೆ, ಹತ್ತಿರ ಹತ್ತಿರ ಸ್ಯಾನ್ ಫ್ರಾನ್ಸಿಸ್ಕೊ ನಗರದಷ್ಟು. ಅದರಲ್ಲಿ ನಾಲ್ಕು ಪಾರ್ಕುಗಳು. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರಲ್ಲಿ ಬೇರೆ ಹೆಸರಲ್ಲಿ ಶುರುವಾದ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ನಕ್ಷೆಯಲ್ಲಿ ನಾಲ್ಕೂ ಒಂದೇ ಕಾಗದದ ಮೇಲೆ ಇರುತ್ತವೆ. ನೆಲದ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಪುಟ್ಟ ಪ್ರಯಾಣವೇ.

ಮ್ಯಾಜಿಕ್ ಕಿಂಗ್‌ಡಮ್‌ನಿಂದ ಅನಿಮಲ್ ಕಿಂಗ್‌ಡಮ್‌ಗೆ ಹೋಗುವುದನ್ನೇ ತಗೊಳ್ಳಿ. ಕೋಟೆಯ ಹಿಂದೆ ಎಲ್ಲೋ ಇರುವ ಸಂಸಾರವನ್ನು ಒಟ್ಟುಗೂಡಿಸಿ ಮೇನ್ ಸ್ಟ್ರೀಟ್ ಉದ್ದಕ್ಕೂ ಜನರ ನಡುವೆ ಗೇಟಿನವರೆಗೆ ನಡೆಯಬೇಕು. ಪಾರ್ಕಿನಲ್ಲಿ ಬಾಡಿಗೆಗೆ ತೆಗೆದ ಸ್ಟ್ರಾಲರ್ ಹೊರಗೆ ಒಯ್ಯುವ ಹಾಗಿಲ್ಲ. ಅದನ್ನು ಒಪ್ಪಿಸಿ, ರಸೀದಿ ಜೋಪಾನ ಮಾಡಿ, ಆ ಕಡೆ ಇನ್ನೊಂದು ಕೇಳಿ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಅದರೊಳಗೇ ನಿದ್ದೆ ಹೋಗಿದ್ದ ಮಗು ಎದ್ದು ಅಳಲು ಶುರು ಮಾಡಿರುತ್ತದೆ. ಆಮೇಲೆ ಬಸ್ ನಿಲ್ದಾಣ. ಅನಿಮಲ್ ಕಿಂಗ್‌ಡಮ್‌ಗೆ ಮೊನೊರೈಲೂ ಇಲ್ಲ, ದೋಣಿಯೂ ಇಲ್ಲ, ರಸ್ತೆಯೊಂದೇ ದಾರಿ. ಬಸ್ಸಿಗೆ ಕಾಯಬೇಕು, ಅದರಲ್ಲಿ ಕೂರಬೇಕು, ಇಳಿದ ಮೇಲೆ ಮತ್ತೆ ಬ್ಯಾಗ್ ತಪಾಸಣೆ, ಮತ್ತೆ ಗೇಟು. ನಡುವೆ ಯಾರಿಗೋ ಬಾತ್‌ರೂಮಿಗೆ ಹೋಗಬೇಕು. ಎಲ್ಲ ಕೂಡಿಸಿ ಒಂದು ಗಂಟೆ ಹೋದರೆ ಆಶ್ಚರ್ಯವಿಲ್ಲ. ನಿಮ್ಮ ಕಾರು ಇನ್ನೂ ಮೊದಲನೇ ಪಾರ್ಕಿನ ಕಡೆಯೇ ನಿಂತಿರುತ್ತದೆ ಅನ್ನುವುದು ಬೇರೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಬರುವವರ ಕಾರು ನಿಲ್ಲುವುದು ಪಾರ್ಕಿನ ಬಾಗಿಲಲ್ಲಲ್ಲ, ಕೆರೆಯ ಆಚೆ ದಡದಲ್ಲಿ. ಅಲ್ಲಿಂದ ಫೆರಿ ಅಥವಾ ಮೊನೊರೈಲ್ ಹಿಡಿಯಬೇಕು. ರಾತ್ರಿ ಸುಸ್ತಾದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಆ ಕಾರು ಹುಡುಕಿಕೊಂಡು ಹೋಗುವವರು ನೀವೇ.

ಎಲ್ಲ ಜೋಡಿಯೂ ಇಷ್ಟು ಕಷ್ಟ ಅಲ್ಲ. ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ನಡುವೆ ನಡೆದು ಹೋಗುವ ದಾರಿ ಇದೆ, ದೋಣಿ ಇದೆ, 2019ರಿಂದ ಸ್ಕೈಲೈನರ್ ಅನ್ನುವ ತೂಗುತೊಟ್ಟಿಲ ಗಾಡಿಯೂ ಇದೆ. ಹಾಪರ್ ತಗೊಂಡೇ ತಗೊಳ್ಳುವವರು ಈ ಜೋಡಿಗಾಗಿ ತಗೊಂಡರೆ ನನ್ನ ತಕರಾರಿಲ್ಲ.

ಇನ್ನು ದುಡ್ಡು. ಹಲವು ದಿನದ ಟಿಕೆಟ್ಟಿನಲ್ಲಿ ದಿನ ಹೆಚ್ಚಾದಷ್ಟೂ ದಿನವೊಂದಕ್ಕೆ ಬೀಳುವ ಬೆಲೆ ಇಳಿಯುತ್ತದೆ. ಹಾಪರ್‌ಗೆ ಮೇಲೆ ಕೊಡುವ ಮೊತ್ತ ಮಾತ್ರ ಎರಡು ದಿನಕ್ಕಾದರೂ ಆರು ದಿನಕ್ಕಾದರೂ ಅಂಥ ವ್ಯತ್ಯಾಸವಾಗುವುದಿಲ್ಲ. ಅಂದರೆ ಕಡಿಮೆ ದಿನ ಇರುವವರಿಗೇ ಅದು ಭಾರ. ಲೆಕ್ಕಕ್ಕೆ ತಲೆಗೆ 80 ಡಾಲರ್ ಅಂತ ಇಟ್ಟುಕೊಳ್ಳಿ. ಆರು ಜನರ ಸಂಸಾರಕ್ಕೆ 480 ಡಾಲರ್ ಆಯಿತು, ತೆರಿಗೆ ಬೇರೆ. ಡಿಸ್ನಿಯಲ್ಲಿ ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಹತ್ತು ತುಂಬಿದ ಮಕ್ಕಳು ಅವರ ಲೆಕ್ಕದಲ್ಲಿ ದೊಡ್ಡವರು. ಒಬ್ಬಿಬ್ಬರಿಗೆ ಮಾತ್ರ ಹಾಪರ್ ತಗೊಂಡು ಉಳಿದವರಿಗೆ ಸಾದಾ ಟಿಕೆಟ್ ತಗೊಳ್ಳಬಹುದು, ಆದರೆ ಸಂಸಾರ ಒಟ್ಟಿಗೆ ಇರಲು ಹೋದ ಪ್ರವಾಸದಲ್ಲಿ ಯಾರು ಹಾಗೆ ಮಾಡುತ್ತಾರೆ? ಆ 480 ಡಾಲರ್‌ನಲ್ಲಿ ಎಲ್ಲರಿಗೂ ನೆಮ್ಮದಿಯಾಗಿ ಕೂತು ಉಣ್ಣುವ ಒಂದು ಊಟ ಬರುತ್ತದೆ. ಬೇಕಿದ್ದರೆ ಅತಿ ಉದ್ದದ ಸಾಲು ಇರುವ ದಿನ ಲೈಟ್ನಿಂಗ್ ಲೇನ್, ಅಂದರೆ ಬೇರೆ ದುಡ್ಡು ಕೊಟ್ಟು ಹೋಗುವ ಚಿಕ್ಕ ಸಾಲು, ತಗೊಳ್ಳಬಹುದು. ಎರಡು ಗಂಟೆ ಬಿಸಿಲಿನಲ್ಲಿ ನಿಲ್ಲುವುದು ತಪ್ಪಿದರೆ ಅದಕ್ಕಿಂತ ಒಳ್ಳೆಯ ಖರ್ಚು ನನಗೆ ಕಾಣುವುದಿಲ್ಲ.

ಆದರೆ ನನ್ನ ವಾದ ನಿಂತಿರುವುದು ಈ ಲೆಕ್ಕದ ಮೇಲಲ್ಲ. ಹಾಪರ್ ಕೈಯಲ್ಲಿದ್ದರೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಕೊಟ್ಟ ದುಡ್ಡು ದಕ್ಕಬೇಕು ಅಂತ ಮಧ್ಯಾಹ್ನ ಆಗುತ್ತಲೇ "ನಡೀರಿ, ನಡೀರಿ" ಶುರುವಾಗುತ್ತದೆ. ನಾವು ಕಷ್ಟಪಟ್ಟು ದುಡಿದವರು, ದುಡ್ಡು ಪೋಲಾಗಬಾರದು ಅನ್ನುವುದು ನಮ್ಮ ರಕ್ತದಲ್ಲಿದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಸಾಲೇ ಇಲ್ಲದ ಸಣ್ಣ ಸಣ್ಣ ಆಟಗಳು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪೀಪಲ್‌ಮೂವರ್ ಅಂತ ಒಂದಿದೆ, 1975ರಿಂದ ಓಡುತ್ತಿದೆ. ಮೇಲ್ಸೇತುವೆಯ ಮೇಲೆ ಪುಟ್ಟ ಡಬ್ಬಿಗಳು ನಿಧಾನವಾಗಿ ಸಾಗುತ್ತವೆ. ಏಟಿಲ್ಲ, ಕುಲುಕಾಟವಿಲ್ಲ. ತಂಗಾಳಿ ಬರುತ್ತದೆ. ನಡುವೆ ಸ್ಪೇಸ್ ಮೌಂಟನ್ ಕಟ್ಟಡದ ಕತ್ತಲೊಳಗೆ ಹಾದುಹೋಗುವಾಗ ಪಕ್ಕದಲ್ಲಿ ರೋಲರ್ ಕೋಸ್ಟರ್‌ನವರ ಕಿರುಚಾಟ ಕೇಳುತ್ತದೆ. ಮೊಮ್ಮಗ ಅಲ್ಲಿ ಕಿರುಚುತ್ತಿದ್ದರೆ ಅಜ್ಜ ಇಲ್ಲಿ ಕೂತು ನಗುತ್ತಿರಬಹುದು. ನನ್ನ ಅಮ್ಮ ಇದರಿಂದ ಇಳಿದು, "ಇನ್ನೊಂದು ಪಾರ್ಕಿಗೆ ಯಾಕೋ, ಇಲ್ಲೇ ಇನ್ನೊಂದು ಸಲ ಕೂರೋಣ" ಅಂದಿದ್ದಳು. ಕೂತೆವು.

ಅನಿಮಲ್ ಕಿಂಗ್‌ಡಮ್‌ನಲ್ಲೂ ಹಾಗೆಯೇ. ಎಲ್ಲರೂ ಸಫಾರಿ ಮುಗಿಸಿ, ಎವರೆಸ್ಟ್ ಕೋಸ್ಟರ್ ಹತ್ತಿ ಹೊರಟುಬಿಡುತ್ತಾರೆ. ಪಕ್ಕದಲ್ಲೇ ಮಹಾರಾಜ ಜಂಗಲ್ ಟ್ರೆಕ್ ಇದೆ. ಹಳೆ ಅರಮನೆಯ ಹಾಳು ಗೋಡೆಗಳ ಹಾಗೆ ಕಟ್ಟಿದ ಜಾಗದಲ್ಲಿ ಹುಲಿಗಳಿವೆ, ದೊಡ್ಡ ಬಾವಲಿಗಳಿವೆ. ಸುತ್ತಲಿನ ಆನಂದಪುರ ಅನ್ನುವ ಕಲ್ಪನೆಯ ಊರನ್ನು ನಮ್ಮ ಕಡೆಯ ಕಟ್ಟಡ, ಕೈಬರಹ, ಬಣ್ಣ ನೋಡಿ ಮಾಡಿದ್ದಾರೆ. ಅಲ್ಲಿ ನಿಂತು ಇದು ನಮ್ಮ ಥರ ಇದೆ, ಅದು ನೇಪಾಳದ ಥರ ಇದೆ ಅಂತ ಹಿರಿಯರು ಮಾತಾಡಿಕೊಳ್ಳುವುದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಹಾಪರ್ ಕಿತ್ತುಕೊಳ್ಳುತ್ತದೆ.

ಹಾಪರ್ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅನಿಮಲ್ ಕಿಂಗ್‌ಡಮ್ ಸಾಮಾನ್ಯವಾಗಿ ಬೇರೆ ಪಾರ್ಕುಗಳಿಗಿಂತ ಬೇಗ ಮುಚ್ಚುತ್ತದೆ. ಪ್ರಾಣಿಗಳು ಚುರುಕಾಗಿರುವುದೂ ಬೆಳಗಿನ ತಂಪಿನಲ್ಲಿ. ಎಪ್ಕಾಟ್ ರಂಗೇರುವುದು ಸಂಜೆ. ಕೆರೆಯ ಸುತ್ತ ಸುಮಾರು 2 ಕಿಲೋಮೀಟರ್ ದಾರಿಯಲ್ಲಿ ಮೆಕ್ಸಿಕೊದಿಂದ ಕೆನಡಾದವರೆಗೆ 11 ದೇಶಗಳ ಮಂಟಪಗಳು, ಕೊನೆಗೆ ನೀರಿನ ಮೇಲೆ ಪಟಾಕಿ. ಹಾಗಾಗಿ ಬೆಳಿಗ್ಗೆ ಪ್ರಾಣಿ, ಸಂಜೆ ಎಪ್ಕಾಟ್ ಅನ್ನುವ ಯೋಜನೆ ಕಾಗದದ ಮೇಲೆ ಬಲು ಚಂದ. ಮೊದಲಿನ ಒಂದು ಅಡ್ಡಿಯೂ ಈಗ ಹೋಗಿದೆ. 2021ರಲ್ಲಿ ಹಾಪರ್ ಮತ್ತೆ ಶುರುವಾದಾಗ ಎರಡನೇ ಪಾರ್ಕಿಗೆ ಮಧ್ಯಾಹ್ನ 2 ಗಂಟೆಯ ಮೇಲಷ್ಟೇ ಬಿಡುತ್ತಿದ್ದರು. 2024ರ ಜನವರಿ 9ರಿಂದ ಯಾವ ಹೊತ್ತಿಗೆ ಬೇಕಾದರೂ ಹೋಗಬಹುದು. ದೊಡ್ಡವರೇ ಇರುವ ತಂಡ, ಮೂರೇ ದಿನ ಇದೆ, ನಾಲ್ಕೂ ಪಾರ್ಕು ನೋಡಬೇಕು ಅಂದರೆ ಹಾಪರ್ ಬೇಕೇ ಬೇಕು. ಮತ್ತೆ ಮತ್ತೆ ಹೋಗುವವರಿಗೂ ಅದರಲ್ಲಿ ಸುಖವಿದೆ. ಅವರಿಗೆ ಯಾವ ಪಾರ್ಕಿನಲ್ಲಿ ಏನು ಬಿಡಬಹುದು ಅನ್ನುವುದು ಗೊತ್ತು.

ಮಕ್ಕಳಿದ್ದವರಿಗೆ ನಾನು ಹೇಳುವ ದಾರಿ ಬೇರೆ. ಸಾದಾ ಟಿಕೆಟ್ಟಿನಲ್ಲೂ ಅದೇ ಪಾರ್ಕಿನಿಂದ ಹೊರಗೆ ಹೋಗಿ ಅದೇ ದಿನ ಮತ್ತೆ ಒಳಗೆ ಬರಬಹುದು. ಇದು ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಇಲ್ಲಿನ ಅಮೆರಿಕನ್ ಸಂಸಾರಗಳನ್ನು ಗಮನಿಸಿ. ಬೆಳಿಗ್ಗೆ ಬೇಗ ಬಂದವರು ಎಷ್ಟೋ ಜನ ಊಟದ ಹೊತ್ತಿಗೆ ಹೋಟೆಲ್‌ಗೆ ವಾಪಸ್ ಹೋಗುತ್ತಾರೆ. ಮಕ್ಕಳು ಈಜುಕೊಳದಲ್ಲಿ, ದೊಡ್ಡವರು ಹಾಸಿಗೆಯಲ್ಲಿ. ಸಂಜೆ ಹೊಸದಾಗಿ ಸ್ನಾನ ಮಾಡಿ ಅದೇ ಪಾರ್ಕಿಗೆ ಬರುತ್ತಾರೆ. ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಸೆಕೆ, ಅದರ ಹಿಂದೆಯೇ ಬರುವ ಗುಡುಗು ಮಳೆ, ಎರಡನ್ನೂ ಅವರು ಹೀಗೆ ತಪ್ಪಿಸಿಕೊಳ್ಳುತ್ತಾರೆ. ಗುಡುಗಿದ್ದಾಗ ಹೊರಗಿನ ಆಟಗಳನ್ನು ಹೇಗೂ ನಿಲ್ಲಿಸಿರುತ್ತಾರೆ. ದಿನಪೂರ್ತಿ ಒಳಗೇ ಇರಬೇಕು ಅನ್ನುವ ನಮ್ಮ ಪದ್ಧತಿಗಿಂತ ಇದು ಎಷ್ಟೋ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಇನ್ನೊಂದು ಅನುಕೂಲವೂ ಇದೆ. 4 ದಿನದ ಟಿಕೆಟ್ಟನ್ನು ಸಾಮಾನ್ಯವಾಗಿ 7 ದಿನದೊಳಗೆ ಬಳಸಬಹುದು. ನಡುವೆ ಒಂದು ದಿನ ಯಾವ ಪಾರ್ಕೂ ಬೇಡ ಅಂತ ಇಟ್ಟುಕೊಳ್ಳಿ. ಅಜ್ಜಿಯ ಮಂಡಿ ನಿಮ್ಮನ್ನು ಹರಸುತ್ತದೆ.

ಇದನ್ನೆಲ್ಲ ಕ್ಯಾಲಿಫೋರ್ನಿಯಾಕ್ಕೆ ಹಾಗೇ ಒಯ್ಯಬೇಡಿ. ಅನಾಹೈಮ್‌ನಲ್ಲಿ ಎರಡೇ ಪಾರ್ಕು. 1955ರ ಡಿಸ್ನಿಲ್ಯಾಂಡ್, 2001ರ ಕ್ಯಾಲಿಫೋರ್ನಿಯಾ ಅಡ್ವೆಂಚರ್. ಎರಡರ ಗೇಟೂ ಎದುರುಬದುರು ಮನೆಗಳ ಹಾಗೆ ಒಂದು ಅಂಗಳದ ಆಚೆ ಈಚೆ ಇವೆ. ಬ್ಯಾಗ್ ತಪಾಸಣೆ ಆ ಅಂಗಳಕ್ಕೆ ಬರುವ ಮುಂಚೆಯೇ ಮುಗಿದಿರುತ್ತದೆ. ಇಲ್ಲಿಂದ ಅಲ್ಲಿಗೆ ಹೋಗುವುದು ಕೆಲವೇ ನಿಮಿಷದ ನಡಿಗೆ. ಅಜ್ಜಿಯೂ ಆರಾಮವಾಗಿ ದಾಟಬಹುದು. ಎರಡು ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ನಾನು ಹಾಪರ್ ಪರ. ಒಂದೇ ದಿನ ಇದ್ದರೆ, ಚಿಕ್ಕ ಮಕ್ಕಳಿದ್ದರೆ, ಡಿಸ್ನಿಲ್ಯಾಂಡ್ ಒಂದೇ ಸಾಕು. ಅದರಲ್ಲೇ ದಿನ ಮುಗಿಯುತ್ತದೆ.

ಯೂನಿವರ್ಸಲ್ ಒರ್ಲ್ಯಾಂಡೊದಲ್ಲಿ ತೀರ್ಮಾನ ಮಾಡುವುದು ಒಂದು ರೈಲು. 1990ರ ಯೂನಿವರ್ಸಲ್ ಸ್ಟುಡಿಯೋಸ್, 1999ರ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಅಕ್ಕಪಕ್ಕದಲ್ಲಿವೆ. 2014ರಿಂದ ಎರಡರ ನಡುವೆ ಹ್ಯಾರಿ ಪಾಟರ್ ಕಥೆಯ ರೈಲು ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ಓಡುತ್ತದೆ. ಒಂದೇ ದಿನ ಎರಡೂ ಪಾರ್ಕಿಗೆ ಬಿಡುವ ಟಿಕೆಟ್ ಇಲ್ಲದೆ ಅದನ್ನು ಹತ್ತಲು ಆಗುವುದಿಲ್ಲ. ಹೋಗುವಾಗ ಕಿಟಕಿಯಲ್ಲಿ ಕಾಣುವ ಕಥೆ ಒಂದು, ಬರುವಾಗ ಇನ್ನೊಂದು. ಹ್ಯಾರಿ ಪಾಟರ್ ಓದಿ ಬೆಳೆದ ಮಕ್ಕಳು ಮನೆಯಲ್ಲಿದ್ದರೆ ಆ ದುಡ್ಡು ಕೊಟ್ಟುಬಿಡಿ, ಯೋಚನೆ ಬೇಡ. ಆ ಕಥೆಯ ಗಂಧವೇ ಇಲ್ಲದ ಮನೆಯವರು ದಿನಕ್ಕೊಂದು ಪಾರ್ಕು ನೋಡಿದರೆ ಏನೂ ಕಳೆದುಕೊಳ್ಳುವುದಿಲ್ಲ. 2025ರ ಮೇ 22ರಂದು ತೆರೆದ ಯೂನಿವರ್ಸಲ್‌ನ ಇನ್ನೊಂದು ಪಾರ್ಕು ಎಪಿಕ್ ಯೂನಿವರ್ಸ್ ಮಾತ್ರ ಇವೆರಡರ ಪಕ್ಕದಲ್ಲಿಲ್ಲ, ಕೆಲವು ಮೈಲಿ ದೂರದಲ್ಲಿದೆ. ಅದಕ್ಕೆ ಒಂದು ಇಡೀ ದಿನ ಬೇರೆಯಾಗಿ ಎತ್ತಿಡಿ.

ಇಷ್ಟಾದರೂ ಮನಸ್ಸು ತೂಗುತ್ತಿದ್ದರೆ ಡಿಸ್ನಿ ವರ್ಲ್ಡ್‌ನಲ್ಲಿ ಸಾದಾ ಟಿಕೆಟ್ಟಿನಿಂದಲೇ ಶುರು ಮಾಡಿ. ಸಾದಾ ಟಿಕೆಟ್ಟನ್ನು ಆಮೇಲೆ ಹಾಪರ್ ಮಾಡಿಸಿಕೊಳ್ಳಬಹುದು, ವ್ಯತ್ಯಾಸದ ದುಡ್ಡು ಕಟ್ಟಿದರೆ ಆಯಿತು. ಹಾಪರ್ ತಗೊಂಡು ಸಾದಾ ಮಾಡಿಸಿಕೊಂಡು ದುಡ್ಡು ವಾಪಸ್ ಕೇಳಲು ಬರುವುದಿಲ್ಲ. ಮೊದಲ ದಿನ ಕಳೆಯಲಿ. ಮಕ್ಕಳ ಹುಮ್ಮಸ್ಸು, ಹಿರಿಯರ ಕಾಲು, ಆ ವಾರದ ಬಿಸಿಲು ಎಲ್ಲ ಕಣ್ಣಿಗೆ ಬಿದ್ದ ಮೇಲೆ ಎರಡನೇ ದಿನ ಬೆಳಿಗ್ಗೆ ಗೆಸ್ಟ್ ರಿಲೇಷನ್ಸ್ ಕೌಂಟರಿನಲ್ಲಿ ಎಲ್ಲರ ಟಿಕೆಟ್ ಒಟ್ಟಿಗೆ ಕೊಟ್ಟು ಕೇಳಿ.