ಅಪ್ಪಟ ಬೆಳ್ಳಿ ಅಂತೆ!

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪ ಮತ್ತೆ ಅದೇ ಫಾರ್ವರ್ಡ್ ಹಾಕಿದ್ದಾರೆ. ಹಿಂದಿನ ರೂಪಾಯಿ ಅಪ್ಪಟ ಬೆಳ್ಳಿ, ಈಗಿನದು ತಗಡು, ದೇಶ ಹಾಳಾಯ್ತು. ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು.

ಹೋದ ವಾರವಷ್ಟೇ ಅಜ್ಜಿಯ ಪೂಜೆ ರೂಪಾಯಿ ಹಿಡಿದು ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. (ಮಾರೋಕೆ. ಹೌದು, ಮಾರೋಕೆ. ಕೆಲಸ ಹೋದದ್ದು ನಿಮಗೆಲ್ಲ ಗೊತ್ತು. ಅಮ್ಮನಿಗೆ ಹೇಳಬೇಡಿ.) 1944ರ ನಾಣ್ಯ, ಆರನೇ ಜಾರ್ಜ್ ತಲೆ. ಒರೆಗಲ್ಲಿಗೆ ಉಜ್ಜಿದರು, ಏನೋ ಒಂದು ಹನಿ ಬಿಟ್ಟರು, ತಲೆಯಾಡಿಸಿದರು. "ಅರ್ಧವೇ ಬೆಳ್ಳಿ ಸ್ವಾಮಿ. ಮಿಕ್ಕಿದ್ದು ತಾಮ್ರ, ಅದು ಇದು. ಯುದ್ಧದ ಕಾಲದ್ದು."

ಕೇಳಿಸಿಕೊಂಡಿರಾ ದೊಡ್ಡಪ್ಪ? ಮೊದಲು ನೂರಕ್ಕೆ ಸುಮಾರು 92 ಪಾಲು ಬೆಳ್ಳಿ ಇರುತ್ತಿತ್ತು. 1940ರಲ್ಲಿ 50ಕ್ಕೆ ಇಳಿಸಿದರು. ಜನ ಬೆಳ್ಳಿ ಬಚ್ಚಿಡತೊಡಗಿದ್ದಕ್ಕೆ ಅದೇ ವರ್ಷ ಒಂದು ರೂಪಾಯಿ ನೋಟು ಬಂತು. ಸಾಲದ್ದಕ್ಕೆ ಅಮೆರಿಕದಿಂದ ಬೆಳ್ಳಿಯನ್ನೇ ಸಾಲ ತಂದರು. ಆ ಸಾಲವನ್ನು ಬೆಳ್ಳಿಯಲ್ಲೇ ತೀರಿಸಬೇಕಿತ್ತು. 1947ರ ರೂಪಾಯಿ ಬರೀ ನಿಕ್ಕಲ್.

ಕಾಸಿನ ಕಥೆ ಇನ್ನೂ ಚೆನ್ನಾಗಿದೆ. 1943ರಲ್ಲಿ ತಾಮ್ರ ಉಳಿಸೋಕೆ ನಡುವೆ ತೂತು ಕೊರೆದರು. ತೂತಿನ ಕಾಸು! ನಮ್ಮಪ್ಪನ ಉಡಿದಾರಕ್ಕೆ ಅಜ್ಜಿ ಕಟ್ಟಿದ್ದು ಅದನ್ನೇ. ತೂತು ಮಾಡಿಸೋ ಖರ್ಚೂ ಇಲ್ಲ, ಸರ್ಕಾರವೇ ಕೊರೆದು ಕೊಟ್ಟಿತ್ತು. ಸ್ವಾತಂತ್ರ್ಯ ಬಂದ ಮೇಲೂ ಅಷ್ಟೇ. ಅರವತ್ತರ ದಶಕದಲ್ಲಿ ಪೈಸೆಗಳು ಅಲ್ಯುಮಿನಿಯಂ ಆದವು. ಒಂದು ಪೈಸೆಯನ್ನು ಮೆಲ್ಲಗೆ ಬಿಟ್ಟರೆ ನೀರಿನ ಮೇಲೆ ತೇಲುತ್ತಿತ್ತು. ತಗಡು ನಿನ್ನೆ ಮೊನ್ನೆ ಬಂದಿದ್ದಲ್ಲ.

"1940ಕ್ಕೆ ಮುಂಚೆ ಶುದ್ಧವಾಗಿತ್ತಲ್ವಾ?" ಅಂತ ಕೇಳ್ತೀರಿ. ಹೆಚ್ಚುಕಡಿಮೆ ಇತ್ತು. ಯಾರ ಹತ್ತಿರ? ನಮ್ಮಜ್ಜ ಕೂಲಿಯನ್ನು ಆಣೆಗಳಲ್ಲಿ ಎಣಿಸಿಕೊಂಡವರು. ಬೆಳ್ಳಿ ರೂಪಾಯಿ ಇದ್ದದ್ದು ಸಾಹುಕಾರರ ಪೆಟ್ಟಿಗೆಯಲ್ಲಿ. ಅಲ್ಲಿಂದ ನಮ್ಮ ಮನೆಗೆ ಬಂದಿದ್ದು ಒಂದೇ ಒಂದು, ಅದೂ ಅರ್ಧ ಬೆಳ್ಳಿ. ಸುಮ್ನೆ ಯಾರದ್ದೋ ವೈಭವವನ್ನು ನಮ್ಮದು ಅಂತ ಹೇಳ್ಕೊಂಡು ತಿರುಗಬೇಡಿ.

ಮಾರಲಿಲ್ಲ. ಅವರು ಹೇಳಿದ ಬೆಲೆಗೆ ಮನಸ್ಸು ಬರಲಿಲ್ಲ, ತಂದು ಡಬ್ಬಿಯಲ್ಲಿಟ್ಟೆ. ನಿನ್ನೆ ಶುಕ್ರವಾರ. ಅಮ್ಮ ಹುಣಸೆಹಣ್ಣಿನಲ್ಲಿ ತೊಳೆದು, ಅರಿಶಿನ ಕುಂಕುಮ ಇಟ್ಟು, "ನೋಡು, ಅಪ್ಪಟ ಬೆಳ್ಳಿ, ಹೇಗೆ ಹೊಳೀತಿದೆ" ಅಂದರು.

ಹೂಂ ಅಂದೆ.