ಸ್ಪಷ್ಟನೆ: ವರ್ಮೂತ್ ಬಿಟ್ಟರೆ ‘ಅಸಲಿ’ ಮಾರ್ಟಿನಿ ಆಗುವುದಿಲ್ಲ

ಮಾರ್ಟಿನಿ ಅಂದರೆ ಜಿನ್ ಎಂಬ ಮದ್ಯಕ್ಕೆ ವರ್ಮೂತ್ (ಗಿಡಮೂಲಿಕೆ ಸೇರಿಸಿದ ವೈನ್) ಬೆರೆಸಿದ ಕಾಕ್‌ಟೇಲ್. ‘ಅಸಲಿ ಮಾರ್ಟಿನಿಗೆ ವರ್ಮೂತ್ ಬೇಡ, ಬಾಟಲಿಯನ್ನು ಗ್ಲಾಸಿಗೆ ತೋರಿಸಿದರೆ ಸಾಕು’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಇದು ತಪ್ಪು. ವರ್ಮೂತ್ ಇಲ್ಲದಿದ್ದರೆ ಅದು ಬರೀ ತಣ್ಣಗಿನ ಜಿನ್, ಅಷ್ಟೇ.

ಹಳೆಯ ಕಾಲದ ಮಾರ್ಟಿನಿಯಲ್ಲಂತೂ ವರ್ಮೂತ್ ಇನ್ನೂ ಜಾಸ್ತಿ ಇತ್ತು. 1880ರ ದಶಕದಲ್ಲಿ ಜಿನ್ ಅರ್ಧ, ವರ್ಮೂತ್ ಅರ್ಧ ಹಾಕುತ್ತಿದ್ದರು, ಅದೂ ಸಿಹಿ ವರ್ಮೂತ್. ಮಾರ್ಟಿನಿಗೆ ಡ್ರೈ, ಅಂದರೆ ಸಿಹಿ ಕಡಿಮೆ ಇರುವ, ವರ್ಮೂತ್ ಬಂದಿದ್ದು ಆಮೇಲೆ. ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಇಂದಿನ ಅಳತೆಯಲ್ಲೂ 60 ಮಿ.ಲೀ. ಜಿನ್‌ಗೆ 10 ಮಿ.ಲೀ. ಡ್ರೈ ವರ್ಮೂತ್ ಇದೆ.

ವರ್ಮೂತ್ ಕಂಡರೆ ಜನ ಮುಖ ಸಿಂಡರಿಸಲು ನಿಜವಾದ ಕಾರಣ ಬೇರೆ ಇದೆ ಅನ್ನಿಸುತ್ತದೆ. ವರ್ಮೂತ್ ಮೂಲತಃ ವೈನ್ ತಾನೆ. ಮುಚ್ಚಳ ತೆಗೆದ ಬಾಟಲಿಯನ್ನು ತಿಂಗಳುಗಟ್ಟಲೆ ಹೊರಗಿಟ್ಟರೆ ಗಾಳಿ ತಾಗಿ ಕೆಡುತ್ತದೆ. ಬಣ್ಣ ಕಂದಾಗುತ್ತದೆ, ಹೂವಿನಂಥ ಘಮ ಹೋಗಿ ಮುಗ್ಗಲು ವಾಸನೆ ಉಳಿಯುತ್ತದೆ. ಅದನ್ನು ಹಾಕಿ ಮಾರ್ಟಿನಿಯನ್ನು ಬೈದರೆ ಹೇಗೆ? ದಯವಿಟ್ಟು ಚಿಕ್ಕ ಬಾಟಲಿ ತನ್ನಿ, ಫ್ರಿಜ್‌ನಲ್ಲಿಡಿ, ಒಂದೆರಡು ತಿಂಗಳೊಳಗೆ ಮುಗಿಸಿ.

‘ಶೇಕ್ ಮಾಡಿದರೆ ಜಿನ್‌ಗೆ ಏಟಾಗುತ್ತದೆ’, ಅಂದರೆ ರುಚಿ ಕೆಡುತ್ತದೆ ಅನ್ನುವುದೂ ಸುಮ್ನೆ ಮಾತು. ಶೇಕ್ ಮಾಡಿದರೆ ಗಾಳಿಯ ಗುಳ್ಳೆ, ಐಸ್‌ನ ಚೂರು ಸೇರಿ ಪಾನೀಯ ಮಬ್ಬಾಗುತ್ತದೆ, ಬೇಗ ತಣ್ಣಗಾಗುತ್ತದೆ, ನೀರೂ ಬೇಗ ಬೆರೆಯುತ್ತದೆ. ಕಲಕಿದರೆ ತಿಳಿಯಾಗಿ, ನುಣುಪಾಗಿ ಬರುತ್ತದೆ. ನನಗೆ ಇಷ್ಟವಾಗುವುದು ಕಲಕಿದ್ದೇ.

ವೋಡ್ಕಾ ಹಾಕಿದ್ದನ್ನು ‘ವೋಡ್ಕಾ ಮಾರ್ಟಿನಿ’ ಅನ್ನಿ, ತಕರಾರಿಲ್ಲ. ಆಲಿವ್ ಹಾಕುವುದೋ, ನಿಂಬೆ ಸಿಪ್ಪೆ ಹಿಂಡುವುದೋ ನಿಮ್ಮಿಷ್ಟ. ಎರಡೂ ಸರಿ.