ಬರೀ ವ್ಯಾಟ್ ನೋಡಿ ಆಂಪ್ ತಗೋಬೇಡಿ ಮಾರಾಯ್ರೇ

ಗಿಟಾರ್ ಆಂಪ್ (ಗಿಟಾರಿನ ಸದ್ದು ಹೆಚ್ಚಿಸೋ ಆಂಪ್ಲಿಫೈಯರ್) ಅಂದ ಕೂಡಲೇ ಒಂದೇ ಪ್ರಶ್ನೆ, 'ಎಷ್ಟು ವ್ಯಾಟ್?' 50ರ ಬದಲು 100 ವ್ಯಾಟಿನದು ತಗೊಂಡರೆ ಸದ್ದು ಎರಡು ಪಟ್ಟಾಗಲ್ಲ ಸ್ವಾಮಿ, ಹೆಚ್ಚೋದು ಬರೀ 3 ಡೆಸಿಬಲ್ (ಸದ್ದಿನ ಅಳತೆ). ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್ ಆಂಪ್ ಇರೋದೇ 22 ವ್ಯಾಟ್: ಸದ್ದಿಗೆ ಬಲ ಕೊಡೋ ಎರಡು 6ವಿ6 ವಾಲ್ವ್ (ಗಾಜಿನ ಟ್ಯೂಬ್), 12 ಇಂಚಿನ ಒಂದು ಸ್ಪೀಕರ್. ವಾಲ್ಯೂಮ್ ಅರ್ಧ ದಾಟಿದ ಮೇಲೇ ಅದರ ದನಿ ಸೊಗಸಾಗಿ ಒಡೆಯೋದು, ಅಂದರೆ ರಾಕ್ ಹಾಡಿನಂಥ ಗರಗರ ಡಿಸ್ಟಾರ್ಷನ್ ಬರೋದು. ಒಡೆದ ದನಿಯನ್ನೇ ಮೆಲ್ಲಗೆ ಕೇಳಿಸೋ ಮಾಸ್ಟರ್ ವಾಲ್ಯೂಮ್ ಬೇರೆ ಇಲ್ಲ. ಅಷ್ಟರಲ್ಲಿ ಪಕ್ಕದ ಫ್ಲಾಟಿನವರು ಬಾಗಿಲು ಬಡಿದಿರುತ್ತಾರೆ. ಇದನ್ನು 'ಮನೆಗೆ ಹೇಳಿ ಮಾಡಿಸಿದ್ದು' ಅಂತ ಮಾರುವವರಿಗೆ ಏನನ್ನೋಣ?

ಇನ್ನು ನೂರು ದನಿಗಳ ಪುಟ್ಟ ಡಿಜಿಟಲ್ ಡಬ್ಬಿಗಳು. ಪ್ರೀಸೆಟ್ (ಮೊದಲೇ ಸಿದ್ಧಮಾಡಿಟ್ಟ ದನಿ) ಎಷ್ಟಿದ್ದರೇನು, ಎಲ್ಲವೂ ಅದೇ 5 ಇಂಚಿನ ಸ್ಪೀಕರಿನಿಂದಲೇ ತೂರಿ ಬರಬೇಕಲ್ಲ! ಅಂಗಡಿಯಲ್ಲಿ ಪ್ರತಿ ಪ್ರೀಸೆಟ್ಟಿಗೂ ರಿವರ್ಬ್ (ದೊಡ್ಡ ಹಾಲಿನಂಥ ಗುಂಗು), ಡಿಲೇ (ತಡವಾಗಿ ಬರೋ ಮರುದನಿ) ಸುರಿದು ಮರುಳು ಮಾಡುತ್ತಾರೆ. ಮೊದಲು ಅವೆರಡನ್ನೂ ಆಫ್ ಮಾಡಿಸಿ. ಬಾಸ್, ಮಿಡ್, ಟ್ರೆಬಲ್ ಮಧ್ಯಕ್ಕಿಡಿ. ಗೇನ್ (ದನಿ ಎಷ್ಟು ಒಡೆಯಬೇಕು ಅನ್ನೋ ನಾಬ್) ಏರಿಸಿ, ಗಿಟಾರಿನ ವಾಲ್ಯೂಮನ್ನು 10ರಿಂದ 4ಕ್ಕಿಳಿಸಿ ನುಡಿಸಿ. ದನಿ ತಿಳಿಯಾಗದೆ ಬರೀ ಸಣ್ಣಗಾದರೆ ಅದನ್ನು ಅಲ್ಲೇ ಬಿಟ್ಟುಬನ್ನಿ.

ಹಿಂಬದಿಯಲ್ಲಿ ಸೆಂಡ್, ರಿಟರ್ನ್ ಜ್ಯಾಕ್ ಇದೆಯಾ ಅಂತ ಯಾರೂ ಬಗ್ಗಿ ನೋಡಲ್ಲ. ದನಿ ಒಡೆದ ಮೇಲೆ ಅದಕ್ಕೆ ಡಿಲೇ ಸೇರಿಸೋಕೆ ಪೆಡಲ್ (ಕಾಲಲ್ಲಿ ಒತ್ತೋ ಪುಟ್ಟ ಡಬ್ಬಿ) ಸಿಗಿಸೋದು ಅಲ್ಲೇ. ಡಿಸ್ಟಾರ್ಷನ್ ಆಂಪಿನದ್ದೇ ಆಗಿ, ಡಿಲೇ ಪೆಡಲ್ ಮುಂದಿನ ಇನ್‌ಪುಟ್ಟಿಗೆ ಸೇರಿದರೆ ಮರುದನಿಗಳೂ ಒಡೆದು ಎಲ್ಲ ಕಲಸುಮೇಲೋಗರ. ಆಮೇಲೆ ಬೈಗುಳ ಪಾಪದ ಪೆಡಲಿಗೆ!

ಅಮೆರಿಕದಿಂದ ಅಗ್ಗಕ್ಕೆ ತರಿಸೋ ಮಹಾನುಭಾವರು ಹಿಂದಿನ ಚೀಟಿ ಓದಿ. 120 ವೋಲ್ಟ್ ಅಂತಷ್ಟೇ ಇದ್ದರೆ ನಮ್ಮ 230ಕ್ಕೆ ನೇರ ಸಿಗಿಸಬೇಡಿ. ಪುಣ್ಯವಿದ್ದರೆ ಫ್ಯೂಸ್ ಹೋಗುತ್ತೆ, ಇಲ್ಲವಾದರೆ ಟ್ರಾನ್ಸ್‌ಫಾರ್ಮರ್.